ಹಿಮವಿಲ್ಲದ ನಾಡಿನ ಸ್ಕೀಯರ್: ಕ್ರೀಡಾಪಟುವಿನ ಸಾಧನೆಯನ್ನು ವಿಜ್ಞಾನದ ಪಾಠವಾಗಿಸುವ ಬಗೆ

ನಮ್ಮ ಪ್ರೌಢಶಾಲೆಗಳಲ್ಲಿ ಕ್ರೀಡಾಪಟುಗಳ ಹೆಸರು ಕೇಳಿಬರುವುದು ಹೆಚ್ಚಾಗಿ ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನದಂದು. ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಒಬ್ಬ ವಿದ್ಯಾರ್ಥಿ ಚೀಟಿ ನೋಡಿಕೊಂಡು ಐದು ನಿಮಿಷ ಮಾತನಾಡುತ್ತಾನೆ. ಬಡತನ, ಛಲ, ಪದಕ, ಚಪ್ಪಾಳೆ. ಆಮೇಲೆ ಮಕ್ಕಳು ತರಗತಿಗೆ ಹೋಗಿ ಗಣಿತದ ಪುಸ್ತಕ ತೆರೆಯುತ್ತಾರೆ. ಕೇಳಿದ ಕಥೆಗೂ ತೆರೆದ ಪುಸ್ತಕಕ್ಕೂ ಯಾವ ಸಂಬಂಧವೂ ಇರುವುದಿಲ್ಲ.

ಮಡಿವಾಳದ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸದ ಅವಧಿಯಲ್ಲಿ ಈ ಸಂಬಂಧವನ್ನು ಕಲ್ಪಿಸಲು ಒಂದು ಪ್ರಯತ್ನ ಮಾಡಿದೆ. ಅದಕ್ಕೆ ಆರಿಸಿಕೊಂಡದ್ದು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಕ್ರಾಸ್-ಕಂಟ್ರಿ ಸ್ಕೀಯಿಂಗ್ ಸಾಧನೆಯನ್ನು. ಸಾಧನೆಯನ್ನು ಅದ್ಭುತವೆಂದು ಹೇಳಿದರೆ ಮಗು ಮೆಚ್ಚಿಕೊಂಡು ತನ್ನ ಜಾಗದಲ್ಲೇ ಕೂರುತ್ತದೆ. ಅದನ್ನೇ ಕಾರಣಗಳಾಗಿ, ಅಂಕಿಗಳಾಗಿ, ಮೆಟ್ಟಿಲುಗಳಾಗಿ ಬಿಡಿಸಿ ತೋರಿಸಿದರೆ, ಯಾವ ಮೆಟ್ಟಿಲು ತನಗೆ ಸಿಕ್ಕಿದೆ, ಯಾವುದು ಸಿಕ್ಕಿಲ್ಲ ಎಂದು ಮಗು ಲೆಕ್ಕ ಹಾಕತೊಡಗುತ್ತದೆ. ಈ ಲೇಖನದಲ್ಲಿ ಹೇಳಹೊರಟಿರುವುದು ಇಷ್ಟೇ. ಪಾಠದ ವಿವರಗಳನ್ನು ಸಹಪ್ರಶಿಕ್ಷಣಾರ್ಥಿಗಳು ಬಳಸಿಕೊಳ್ಳಬಹುದಾದ ರೀತಿಯಲ್ಲಿ ಕೆಳಗೆ ಕೊಟ್ಟಿದ್ದೇನೆ.

ಯಾರು ಈ ಭವಾನಿ?

ಕೊಡಗು ಎಂದರೆ ನಮಗೆ ನೆನಪಾಗುವುದು ಕಾಫಿ, ಕಾವೇರಿ, ಹಾಕಿ ಮತ್ತು ಸೈನ್ಯ. ಅಲ್ಲಿ ಮಳೆಗೆ ಕೊರತೆಯಿಲ್ಲ, ಮಂಜು ಕವಿಯುತ್ತದೆ, ಚಳಿಯೂ ಇದೆ; ಆದರೆ ಹಿಮ ಬೀಳುವುದಿಲ್ಲ. ಆ ಜಿಲ್ಲೆಯಿಂದ ಬಂದ ಭವಾನಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟಗಳಲ್ಲಿ ಕರ್ನಾಟಕದ ಪರವಾಗಿ ಸ್ಪರ್ಧಿಸಿ ಚಿನ್ನದ ಪದಕಗಳನ್ನು ಗೆದ್ದರು. ಈ ಕ್ರೀಡಾಕೂಟ ಶುರುವಾದದ್ದು 2020ರಲ್ಲಿ. ಅದರ ಸ್ಕೀಯಿಂಗ್ ಸ್ಪರ್ಧೆಗಳು ನಡೆಯುವುದು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ. ಹಿಮಾಲಯದ ಮಡಿಲಲ್ಲಿ ಬೆಳೆದವರ ನಡುವೆ ಹಿಮವೇ ಇಲ್ಲದ ರಾಜ್ಯದ ಹೆಸರು ಪದಕಪಟ್ಟಿಯಲ್ಲಿ ಕಾಣಿಸಿಕೊಂಡಿತು.

2023ರಲ್ಲಿ ಸ್ಲೊವೇನಿಯಾ ದೇಶದ ಪ್ಲಾನಿಟ್ಸಾದಲ್ಲಿ ನಡೆದ ವಿಶ್ವ ನಾರ್ಡಿಕ್ ಸ್ಕೀ ಚಾಂಪಿಯನ್‌ಶಿಪ್‌ನಲ್ಲಿ ಅವರು ಭಾರತವನ್ನು ಪ್ರತಿನಿಧಿಸಿದರು. 2025ರ ಜುಲೈನಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದ ಕೊರಾಲ್ಕೊದಲ್ಲಿ ನಡೆದ 5 ಕಿ.ಮೀ. ಸ್ಪರ್ಧೆಯಲ್ಲಿ ಕಂಚು ಗೆದ್ದರು. ಕ್ರಾಸ್-ಕಂಟ್ರಿ ಸ್ಕೀಯಿಂಗ್‌ನ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಭಾರತದ ಮಹಿಳೆಯೊಬ್ಬರು ಪದಕ ಪಡೆದದ್ದು ಅದೇ ಮೊದಲು.

ಇಲ್ಲಿ ಒಂದು ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸಿಕೊಡಬೇಕು. ಸ್ಕೀಯಿಂಗ್‌ನಲ್ಲಿ ಎರಡು ದೊಡ್ಡ ಕವಲುಗಳಿವೆ. ಒಂದು ಆಲ್ಪೈನ್, ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ಜಾರುವುದು. 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ ಶೈಲಜಾ ಕುಮಾರ್ ಮತ್ತು 2018ರಲ್ಲಿ ಟರ್ಕಿಯಲ್ಲಿ ಕಂಚು ಗೆದ್ದ ಮನಾಲಿಯ ಆಂಚಲ್ ಠಾಕೂರ್ ಈ ಕವಲಿನವರು. ಇನ್ನೊಂದು ನಾರ್ಡಿಕ್, ಇದರೊಳಗೆ ಬರುವುದೇ ಕ್ರಾಸ್-ಕಂಟ್ರಿ. ಇಲ್ಲಿ ಏರು, ತಗ್ಗು, ಸಮತಟ್ಟು ಎಲ್ಲವನ್ನೂ ಕಾಲು ಮತ್ತು ಕೈಗಳ ಬಲದಿಂದಲೇ ದಾಟಬೇಕು. ಆಲ್ಪೈನ್‌ನಲ್ಲಿ ಗುರುತ್ವ ಕೆಲಸ ಮಾಡಿಕೊಡುತ್ತದೆ. ಕ್ರಾಸ್-ಕಂಟ್ರಿಯಲ್ಲಿ ಅರ್ಧ ದಾರಿ ಗುರುತ್ವದ ವಿರುದ್ಧವೇ ಹೋಗಬೇಕು. ನನ್ನ ತರಗತಿಯ ಹುಡುಗನೊಬ್ಬ ಇದನ್ನು ಚೆನ್ನಾಗಿ ಹೇಳಿದ: "ಒಂದು ಸ್ಲೋಪಲ್ಲಿ ಸೈಕಲ್ ಬಿಟ್ಟಂಗೆ, ಇನ್ನೊಂದು ಫ್ಲೈಓವರ್ ಹತ್ತಿದಂಗೆ ಅಲ್ವಾ ಮಿಸ್?" ಸಿಲ್ಕ್ ಬೋರ್ಡ್ ಫ್ಲೈಓವರನ್ನು ದಿನವೂ ನೋಡುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೂ ಹೊಳೆದಿರಲಿಲ್ಲ.

ಎಂಟನೇ ತರಗತಿಗೆ: ಜಾರಬೇಕು, ಜಾರಲೂಬಾರದು

ಎಂಟನೇ ತರಗತಿಯ ವಿಜ್ಞಾನದಲ್ಲಿ 'ಬಲ ಮತ್ತು ಒತ್ತಡ', 'ಘರ್ಷಣೆ' ಎಂಬ ಎರಡು ಘಟಕಗಳಿವೆ. ಎರಡಕ್ಕೂ ಸ್ಕೀ ಹೇಳಿ ಮಾಡಿಸಿದ ಉದಾಹರಣೆ.

ಮೊದಲು ಒತ್ತಡ. ಮೆತ್ತನೆಯ ಹಿಮದಲ್ಲಿ ಬೂಟು ಹಾಕಿ ನಡೆದರೆ ಕಾಲು ಹೂತುಹೋಗುತ್ತದೆ, ಸ್ಕೀ ಕಟ್ಟಿಕೊಂಡರೆ ಹೂಳುವುದಿಲ್ಲ. ಏಕೆ? ಮಕ್ಕಳಿಂದಲೇ ಲೆಕ್ಕ ಮಾಡಿಸಬಹುದು. 55 ಕಿ.ಗ್ರಾಂ. ದ್ರವ್ಯರಾಶಿಯ ವ್ಯಕ್ತಿಯ ತೂಕ ಸುಮಾರು 540 ನ್ಯೂಟನ್. ಎರಡು ಬೂಟುಗಳ ತಳದ ವಿಸ್ತೀರ್ಣ ಅಂದಾಜು 0.036 ಚದರ ಮೀಟರ್ ಎಂದಿಟ್ಟುಕೊಂಡರೆ ಒತ್ತಡ ಸುಮಾರು 15,000 ಪ್ಯಾಸ್ಕಲ್. 190 ಸೆಂ.ಮೀ. ಉದ್ದ, 4.5 ಸೆಂ.ಮೀ. ಅಗಲದ ಎರಡು ಸ್ಕೀಗಳ ವಿಸ್ತೀರ್ಣ ಸುಮಾರು 0.17 ಚದರ ಮೀಟರ್. ಒತ್ತಡ 3,200 ಪ್ಯಾಸ್ಕಲ್‌ನ ಆಸುಪಾಸು. ತೂಕ ಅದೇ, ಒತ್ತಡ ಮಾತ್ರ ಐದರಲ್ಲೊಂದು ಭಾಗಕ್ಕೆ ಇಳಿಯಿತು. ಮಕ್ಕಳು ತಮ್ಮ ಚಪ್ಪಲಿಯ ಅಚ್ಚನ್ನು ಗ್ರಾಫ್ ಹಾಳೆಯ ಮೇಲೆ ಬರೆದು, ಚೌಕಗಳನ್ನು ಎಣಿಸಿ ವಿಸ್ತೀರ್ಣ ಕಂಡುಹಿಡಿದರು. ಪುಸ್ತಕದ ಸೂತ್ರಕ್ಕೆ ತಮ್ಮದೇ ಕಾಲಿನ ಅಳತೆ ಸಿಕ್ಕಿತು.

ಇನ್ನು ಘರ್ಷಣೆ. ಮಕ್ಕಳಲ್ಲಿ ಸಾಮಾನ್ಯವಾಗಿ ಇರುವ ಪೂರ್ವಕಲ್ಪನೆ ಎಂದರೆ ಘರ್ಷಣೆ ಕೆಟ್ಟದ್ದು, ಅದು ಕಡಿಮೆಯಾದಷ್ಟು ಒಳ್ಳೆಯದು ಎಂಬುದು. ಕ್ರಾಸ್-ಕಂಟ್ರಿ ಸ್ಕೀ ಇದನ್ನು ಸುಲಭವಾಗಿ ಒಡೆಯುತ್ತದೆ. ಘರ್ಷಣೆ ತೀರಾ ಕಡಿಮೆಯಾದರೆ ಸ್ಕೀಯರ್ ನಿಂತಲ್ಲೇ ಕಾಲು ಜಾರಿಸುತ್ತಾಳೆ, ಮುಂದೆ ಹೋಗಲಾಗುವುದಿಲ್ಲ. ಹೆಚ್ಚಾದರೆ ಜಾರಲಾಗುವುದಿಲ್ಲ. ಒಂದೇ ಹಲಗೆ ಒಂದು ಕ್ಷಣ ಜಾರಬೇಕು, ಮರುಕ್ಷಣ ಹಿಡಿಯಬೇಕು.

'ಕ್ಲಾಸಿಕ್' ಶೈಲಿಯಲ್ಲಿ ಇದನ್ನು ಸಾಧಿಸುವುದು ಸ್ಕೀಯ ಬಾಗಿನಿಂದ. ಸ್ಕೀಯ ನಡುಭಾಗ ಬಿಲ್ಲಿನಂತೆ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಆ ನಡುಭಾಗದ ಅಡಿಗೆ ಹಿಡಿತ ಕೊಡುವ ಮೇಣ ಹಚ್ಚಿರುತ್ತಾರೆ. ಮುಂದಿನ ಮತ್ತು ಹಿಂದಿನ ಭಾಗಗಳಿಗೆ ಜಾರುವ ಮೇಣ. ದೇಹದ ತೂಕ ಎರಡೂ ಕಾಲುಗಳ ಮೇಲೆ ಹಂಚಿದ್ದಾಗ ನಡುಭಾಗ ಹಿಮಕ್ಕೆ ಒತ್ತುವುದಿಲ್ಲ, ಸ್ಕೀ ಜಾರುತ್ತದೆ. ಪೂರ್ತಿ ತೂಕವನ್ನು ಒಂದೇ ಕಾಲಿಗೆ ಹಾಕಿ ಒತ್ತಿದಾಗ ಬಿಲ್ಲು ಚಪ್ಪಟೆಯಾಗಿ ನಡುಭಾಗ ಹಿಮವನ್ನು ಕಚ್ಚುತ್ತದೆ. ಆ ಗಳಿಗೆಯಲ್ಲಿ ಸ್ಕೀಗೂ ಹಿಮಕ್ಕೂ ನಡುವೆ ಇರುವುದು ಸ್ಥಾಯಿ ಘರ್ಷಣೆ. ಅದನ್ನು ಮೆಟ್ಟಿಕೊಂಡು ಮುಂದಕ್ಕೆ ನೂಕಿಕೊಳ್ಳಬಹುದು. ನೂಕಿದ ಮೇಲೆ ಮತ್ತೆ ಜಾರು ಘರ್ಷಣೆ. 'ಫ್ರೀ' ಶೈಲಿಯಲ್ಲಿ ಹಿಡಿತದ ಮೇಣವಿಲ್ಲ. ಸ್ಕೀಗಳನ್ನು ಹೊರಮುಖವಾಗಿ ಓರೆಯಿಟ್ಟು, ಒಳಅಂಚಿನಿಂದ ಹಿಮವನ್ನು ಪಕ್ಕಕ್ಕೆ ತಳ್ಳುತ್ತಾ ಹೋಗುವುದು, ಸ್ಕೇಟಿಂಗ್ ಮಾಡುವವರಂತೆ. ಭವಾನಿ ಚಿಲಿಯಲ್ಲಿ ಕಂಚು ಗೆದ್ದದ್ದು ಈ ಶೈಲಿಯಲ್ಲಿ.

ಇದಕ್ಕೆ ನಾನು ಬಳಸಿದ ಬೋಧನೋಪಕರಣ ತುಂಬ ಸರಳ. 30 ಸೆಂ.ಮೀ.ನ ಬಾಗುವ ಪ್ಲಾಸ್ಟಿಕ್ ಸ್ಕೇಲು ತೆಗೆದುಕೊಂಡು ಎರಡೂ ತುದಿಗೆ ದಾರ ಕಟ್ಟಿ ತುಸು ಬಿಲ್ಲಾಗಿಸಬೇಕು. ನಡುಭಾಗದ ಅಡಿಗೆ ಸಣ್ಣ ತುಂಡು ಉಪ್ಪುಕಾಗದ ಅಂಟಿಸಬೇಕು. ಬೆಂಚಿನ ಮೇಲಿಟ್ಟು ಹಗುರಾಗಿ ತಳ್ಳಿದರೆ ಸ್ಕೇಲು ಜಾರುತ್ತದೆ. ನಡುವೆ ಬೆರಳಿನಿಂದ ಒತ್ತಿ ತಳ್ಳಿದರೆ ಕಚ್ಚಿಕೊಳ್ಳುತ್ತದೆ. ದಾರದ ಗಂಟು ಬೆಂಚಿಗೆ ತಾಗದಂತೆ ಮೇಲ್ಭಾಗದಲ್ಲಿರಲಿ. ನಾಲ್ಕೈದು ಮಕ್ಕಳ ಗುಂಪಿಗೆ ಒಂದರಂತೆ ಕೊಟ್ಟರೆ ವಿವರಣೆಯ ಬಹುಭಾಗವನ್ನು ಮಕ್ಕಳೇ ಹೇಳುತ್ತಾರೆ.

ಇದೇ ಘಟಕದಲ್ಲಿ ಉರುಳು ಘರ್ಷಣೆಯೂ ಬರುತ್ತದೆ. ಹಿಮವಿಲ್ಲದ ತಿಂಗಳುಗಳಲ್ಲಿ ಕ್ರಾಸ್-ಕಂಟ್ರಿ ಸ್ಕೀಯರ್‌ಗಳು ಡಾಂಬರು ರಸ್ತೆಯಲ್ಲಿ ರೋಲರ್ ಸ್ಕೀ ಕಟ್ಟಿಕೊಂಡು ಅಭ್ಯಾಸ ಮಾಡುತ್ತಾರೆ. ಅದು ತುದಿಗಳಲ್ಲಿ ಚಕ್ರಗಳಿರುವ ಗಿಡ್ಡ ಪಟ್ಟಿ. ಜಾರುವ ಜಾಗದಲ್ಲಿ ಉರುಳುವಿಕೆ ಬಂತು. ಕೈಕಾಲುಗಳ ಚಲನೆ ಹೆಚ್ಚುಕಡಿಮೆ ಅದೇ. ಹಿಮವಿಲ್ಲದ ಊರಿನವರು ಈ ಆಟವನ್ನು ಹೇಗೆ ಕಲಿಯುತ್ತಾರೆ ಎಂಬ ಪ್ರಶ್ನೆಗೆ ಒಂದು ಉತ್ತರ ಇದರಲ್ಲಿದೆ.

ಒಂಬತ್ತನೇ ತರಗತಿಗೆ: ಅಂತರವನ್ನು ಮುಚ್ಚಿಡಬೇಡಿ

'ಚಲನೆ' ಘಟಕದಲ್ಲಿ ಸರಾಸರಿ ಜವದ ಲೆಕ್ಕ ಇದೆ. ಪುಸ್ತಕದ ಬಸ್ಸು, ರೈಲುಗಳ ಜೊತೆಗೆ ಈ ಎರಡು ಸ್ಪರ್ಧೆಗಳನ್ನು ಕೊಟ್ಟೆ.

ಒಂದು: ಭವಾನಿ ಕೊರಾಲ್ಕೊದಲ್ಲಿ 5 ಕಿ.ಮೀ. ದೂರವನ್ನು ಸುಮಾರು 21 ನಿಮಿಷಗಳಲ್ಲಿ ಮುಗಿಸಿದರು. 5,000 ಮೀಟರನ್ನು 1,260 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 4 ಮೀಟರ್, ಅಂದರೆ ಗಂಟೆಗೆ 14 ಕಿ.ಮೀ.ಗಿಂತ ತುಸು ಹೆಚ್ಚು. ಎರಡು: 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನ ಮಹಿಳೆಯರ 10 ಕಿ.ಮೀ. ಫ್ರೀ ಶೈಲಿಯಲ್ಲಿ ನಾರ್ವೆಯ ರಾಗ್ನ್‌ಹಿಲ್ಡ್ ಹಾಗಾ 25 ನಿಮಿಷಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರು. 10,000 ಮೀಟರನ್ನು 1,500ರಿಂದ ಭಾಗಿಸಿದರೆ ಸೆಕೆಂಡಿಗೆ 6.67 ಮೀಟರ್, ಗಂಟೆಗೆ 24 ಕಿ.ಮೀ.

ಲೆಕ್ಕ ಮುಗಿದ ಮೇಲೆ ತರಗತಿ ಒಂದು ಕ್ಷಣ ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಇಷ್ಟೊಂದು ಡಿಫರೆನ್ಸ್ ಇದ್ರೆ ಮೆಡಲ್ ಹೆಂಗೆ ಬಂತು ಮಿಸ್?"

ಈ ಪ್ರಶ್ನೆ ಬರಲಿ ಎಂದೇ ಎರಡನೆಯ ಲೆಕ್ಕ ಕೊಟ್ಟಿದ್ದೆ. ನಮ್ಮವರ ಪದಕವನ್ನಷ್ಟೇ ಹೇಳಿ ಅಂತರವನ್ನು ಮುಚ್ಚಿಟ್ಟರೆ ಅದು ವಿಜ್ಞಾನದ ತರಗತಿಯಾಗುವುದಿಲ್ಲ. ಉತ್ತರವನ್ನು ಮೂರು ಭಾಗ ಮಾಡಿ ಚರ್ಚಿಸಿದೆವು.

ಮೊದಲನೆಯದು ಹೋಲಿಕೆಯ ಮಿತಿ. ಎರಡು ಸ್ಪರ್ಧೆಗಳ ದಾರಿ ಬೇರೆ, ಏರುತಗ್ಗು ಬೇರೆ, ಹಿಮದ ಗುಣ ಬೇರೆ. ಓಟದ ಪಂದ್ಯದಲ್ಲಿ 400 ಮೀಟರಿನ ಟ್ರ್ಯಾಕ್ ಎಲ್ಲ ಊರಲ್ಲೂ ಒಂದೇ; ಇಲ್ಲಿ ಹಾಗಲ್ಲ. ಹಾಗಾಗಿ ಜವವನ್ನು ನೇರವಾಗಿ ಪಕ್ಕಪಕ್ಕ ಇಡುವಾಗ ಎಚ್ಚರ ಬೇಕು. ಚರಾಂಶಗಳ ನಿಯಂತ್ರಣ ಎಂಬ ಪರಿಕಲ್ಪನೆ ಇಲ್ಲಿ ತಾನಾಗಿ ಬಂತು.

ಎರಡನೆಯದು ಸ್ಪರ್ಧೆಗಳ ಹಂತ. ಶಾಲಾ ಮಟ್ಟ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ನಮ್ಮಲ್ಲಿ ಇರುವಂತೆಯೇ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಸ್ಪರ್ಧೆಗಳಲ್ಲೂ ಮೆಟ್ಟಿಲುಗಳಿವೆ. ವಿಶ್ವಕಪ್, ವಿಶ್ವ ಚಾಂಪಿಯನ್‌ಶಿಪ್, ಒಲಿಂಪಿಕ್ಸ್ ಮೇಲಿನವು. ಅವುಗಳ ಕೆಳಗೆ ಹಲವು ದೇಶಗಳಲ್ಲಿ ನಡೆಯುವ ಒಕ್ಕೂಟದ ಸ್ಪರ್ಧೆಗಳಿವೆ, ಚಿಲಿಯದ್ದು ಅಂಥದ್ದು. ಅಲ್ಲಿ ಗೆದ್ದವರಿಗೆ ಎಷ್ಟು ಹಿಂದಿದ್ದೀರಿ ಎಂಬುದರ ಮೇಲೆ ಅಂಕ ಸಿಗುತ್ತದೆ. ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಅಂಕವನ್ನು ಇಳಿಸುತ್ತ ಹೋಗುವುದೇ ಮೇಲಿನ ಸ್ಪರ್ಧೆಗಳಿಗೆ ದಾರಿ. ಹೋಬಳಿ ಮಟ್ಟದ ಕಬಡ್ಡಿ ಆಡಿದ ಮಕ್ಕಳಿಗೆ ಇದು ತಕ್ಷಣ ಅರ್ಥವಾಯಿತು.

ಮೂರನೆಯದು ಕಾರಣ. ನಾರ್ವೆಯಲ್ಲಿ ಮಕ್ಕಳು ಚಿಕ್ಕಂದಿನಲ್ಲೇ ಸ್ಕೀ ಕಟ್ಟಿಕೊಳ್ಳುತ್ತಾರೆ. ಮನೆಯ ಹತ್ತಿರವೇ ಹಿಮದ ಜಾಡುಗಳಿರುತ್ತವೆ. ಕರ್ನಾಟಕದ ಹುಡುಗಿ ಹಿಮ ಮುಟ್ಟಬೇಕಾದರೆ ಎರಡು ಸಾವಿರ ಕಿ.ಮೀ.ಗೂ ಹೆಚ್ಚು ದೂರ ಹೋಗಬೇಕು, ಅದೂ ವರ್ಷದ ಕೆಲವೇ ತಿಂಗಳು. ಇಬ್ಬರ ನಡುವಿನ ಅಂತರದಲ್ಲಿ ಎಷ್ಟು ಪಾಲು ದೇಹದ್ದು, ಎಷ್ಟು ಪಾಲು ಹಿಮದ ಮೇಲೆ ಕಳೆದ ಗಂಟೆಗಳದ್ದು? ಉತ್ತರವನ್ನು ನಾನು ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ತಮ್ಮ ಊಹೆ ಬರೆಯಲು ಹೇಳಿದೆ. ಒಬ್ಬಳು ಬರೆದದ್ದು: "ಅವರಿಗೆ ಬಾಗಿಲು ತೆಗೆದರೆ ಹಿಮ. ನಮಗೆ ಬಾಗಿಲು ತೆಗೆದರೆ ಪಾರ್ಕಿಂಗ್."

ಭೂಗೋಳ ಬೋಧಿಸುವ ಸಹಪಾಠಿಗಳಿಗೂ ಇಲ್ಲೊಂದು ಎಳೆ ಇದೆ. ಜುಲೈನಲ್ಲಿ ಹಿಮದ ಸ್ಪರ್ಧೆ ಹೇಗೆ ನಡೆಯಿತು? ಚಿಲಿ ದಕ್ಷಿಣಾರ್ಧಗೋಳದಲ್ಲಿದೆ, ನಮ್ಮ ಮುಂಗಾರಿನ ಹೊತ್ತಿಗೆ ಅಲ್ಲಿ ಚಳಿಗಾಲ. ಉತ್ತರದ ದೇಶಗಳ ಸ್ಕೀಯರ್‌ಗಳೂ ತಮ್ಮಲ್ಲಿ ಹಿಮ ಕರಗಿದಾಗ ದಕ್ಷಿಣದ ಹಿಮವನ್ನು ಹುಡುಕಿಕೊಂಡು ಹೋಗುವುದುಂಟು.

ಹತ್ತನೇ ತರಗತಿಗೆ: ಸೈಕಲ್ಲಿಗೂ ಸ್ಕೀಗೂ ಒಂದೇ ಎಂಜಿನ್

'ಜೀವಕ್ರಿಯೆಗಳು' ಘಟಕದಲ್ಲಿ ಉಸಿರಾಟದ ಪಾಠವಿದೆ. ಗ್ಲೂಕೋಸ್ ಮೊದಲು ಪೈರುವೇಟ್ ಆಗುತ್ತದೆ, ಆಮ್ಲಜನಕ ಸಾಕಷ್ಟಿದ್ದರೆ ಮೈಟೊಕಾಂಡ್ರಿಯಾದಲ್ಲಿ ಪೂರ್ತಿ ಒಡೆದು ಹೆಚ್ಚು ಶಕ್ತಿ ಕೊಡುತ್ತದೆ, ಕೊರತೆಯಾದರೆ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಉಂಟಾಗುತ್ತದೆ. ಮಕ್ಕಳು ಇದನ್ನು ಬಾಣದ ಗುರುತಿನ ಚಿತ್ರವಾಗಿ ಬಾಯಿಪಾಠ ಮಾಡುತ್ತಾರೆ. ಚಿತ್ರಕ್ಕೆ ದೇಹ ಕೊಡಲು ಸಹಿಷ್ಣುತೆಯ ಕ್ರೀಡೆಗಳು ನೆರವಾಗುತ್ತವೆ.

ಒಬ್ಬ ವ್ಯಕ್ತಿಯ ದೇಹ ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎಂಬುದನ್ನು ಅಳೆಯಬಹುದು. ಅದನ್ನು ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ಇಷ್ಟು ಮಿಲಿಲೀಟರ್ ಎಂದು ಹೇಳುತ್ತಾರೆ. ಅಭ್ಯಾಸವಿಲ್ಲದ ಯುವತಿಯರಲ್ಲಿ ಇದು 35–40ರ ಆಸುಪಾಸು ಇದ್ದರೆ, ವಿಶ್ವಮಟ್ಟದ ಮಹಿಳಾ ಕ್ರಾಸ್-ಕಂಟ್ರಿ ಸ್ಕೀಯರ್‌ಗಳಲ್ಲಿ 70ರ ಆಚೀಚೆ ಇರುತ್ತದೆ. ಎಲ್ಲ ಕ್ರೀಡೆಗಳಲ್ಲೂ ಅತಿ ಹೆಚ್ಚಿನ ಅಳತೆಗಳು ದಾಖಲಾಗಿರುವುದು ಮುಖ್ಯವಾಗಿ ಎರಡು ಗುಂಪುಗಳಲ್ಲಿ: ಕ್ರಾಸ್-ಕಂಟ್ರಿ ಸ್ಕೀಯರ್‌ಗಳು ಮತ್ತು ರಸ್ತೆ ಸೈಕಲ್ ಸ್ಪರ್ಧಿಗಳು. ಎರಡರಲ್ಲೂ ದೊಡ್ಡ ಸ್ನಾಯುಗಳು ಬಹಳ ಹೊತ್ತು, ಲಯವಾಗಿ ದುಡಿಯುತ್ತವೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು ಕಲಿಯುತ್ತದೆ, ಸ್ನಾಯುಗಳಲ್ಲಿ ಲೋಮನಾಳಗಳೂ ಮೈಟೊಕಾಂಡ್ರಿಯಾಗಳೂ ಹೆಚ್ಚುತ್ತವೆ. ಆದ್ದರಿಂದಲೇ ಸ್ಕೀಯರ್‌ಗಳು ಬೇಸಿಗೆಯಲ್ಲಿ ಸೈಕಲ್ ತುಳಿಯುತ್ತಾರೆ. ಕೌಶಲ ಬೇರೆಬೇರೆ, ಎಂಜಿನ್ ಒಂದೇ.

ಈ ಮಾತಿಗೆ ಜಗತ್ತಿನಲ್ಲಿ ಸಿಗುವ ಬಹುಶಃ ಅತಿ ಸ್ಪಷ್ಟ ಸಾಕ್ಷಿ ಒಕ್ಸಾನಾ ಮಾಸ್ಟರ್ಸ್. ಚೆರ್ನೋಬಿಲ್ ಅಣು ದುರಂತವಾದ ಮೂರು ವರ್ಷಗಳ ನಂತರ, 1989ರಲ್ಲಿ, ಉಕ್ರೇನಿನಲ್ಲಿ ಅಂಗವೈಕಲ್ಯಗಳೊಂದಿಗೆ ಹುಟ್ಟಿದ ಮಗು. ಅನಾಥಾಲಯಗಳಲ್ಲಿ ಬೆಳೆದು, ಏಳನೇ ವಯಸ್ಸಿನಲ್ಲಿ ಅಮೆರಿಕದ ಮಹಿಳೆಯೊಬ್ಬರ ದತ್ತುಪುತ್ರಿಯಾದರು. ಮುಂದೆ ಎರಡೂ ಕಾಲುಗಳನ್ನು ತೆಗೆಯಬೇಕಾಯಿತು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ದೋಣಿ ಸ್ಪರ್ಧೆಯಲ್ಲಿ ಕಂಚು, 2018ರ ಪ್ಯೊಂಗ್‌ಚಾಂಗ್‌ನಲ್ಲಿ ಕ್ರಾಸ್-ಕಂಟ್ರಿ ಸ್ಕೀಯಿಂಗ್‌ನಲ್ಲಿ ಎರಡು ಚಿನ್ನ. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಕೈಯಿಂದ ತುಳಿಯುವ ಸೈಕಲ್ಲಿನಲ್ಲಿ ಎರಡು ಚಿನ್ನ. ಆರೇ ತಿಂಗಳ ಬಳಿಕ, 2022ರ ಮಾರ್ಚ್‌ನಲ್ಲಿ, ಬೀಜಿಂಗ್‌ನ ಹಿಮದ ಮೇಲೆ ಮೂರು ಚಿನ್ನ. 2024ರ ಪ್ಯಾರಿಸ್‌ನಲ್ಲಿ ಮತ್ತೆ ಸೈಕಲ್ಲಿನಲ್ಲಿ ಎರಡು. ಕುಳಿತು ಆಡುವ ಸ್ಕೀಯಲ್ಲೂ ಕೈಸೈಕಲ್ಲಿನಲ್ಲೂ ದುಡಿಯುವುದು ತೋಳು, ಭುಜ, ಬೆನ್ನು ಮತ್ತು ಅವಕ್ಕೆ ಆಮ್ಲಜನಕ ಒಯ್ಯುವ ಹೃದಯ.

ಒಕ್ಸಾನಾ ಅವರ ಬದುಕನ್ನು ತರಗತಿಯಲ್ಲಿ ಹೇಳುವಾಗ ಕರುಣೆಯ ಕಥೆಯಾಗದಂತೆ ನೋಡಿಕೊಳ್ಳಬೇಕು. ನಾವು ಕೇಳಿದ ಪ್ರಶ್ನೆ ಒಂದೇ: ಆರು ತಿಂಗಳಲ್ಲಿ ಒಂದು ಆಟದಿಂದ ಇನ್ನೊಂದಕ್ಕೆ ಹೋಗಿ ಗೆಲ್ಲಲು ದೇಹದಲ್ಲಿ ಏನೇನು ಉಳಿದಿರಬೇಕು, ಏನೇನನ್ನು ಹೊಸದಾಗಿ ಅಭ್ಯಾಸ ಮಾಡಬೇಕು? ಉಳಿಯುವುದರ ಪಟ್ಟಿಯಲ್ಲಿ ಹೃದಯ, ಶ್ವಾಸಕೋಶ, ರಕ್ತ, ಮೈಟೊಕಾಂಡ್ರಿಯಾ ಬಂದವು. ಹೊಸದರಲ್ಲಿ ಸಮತೋಲನ, ಕೋಲು ಹಾಕುವ ಲಯ, ಇಳಿಜಾರಿನಲ್ಲಿ ತಿರುಗುವುದು ಬಂದವು. ಪುಸ್ತಕದ ಮೂರು ಪುಟಗಳ ಪುನರಾವರ್ತನೆ ಹತ್ತು ನಿಮಿಷದಲ್ಲಿ ಆಯಿತು.

ಚಟುವಟಿಕೆಯಾಗಿ ನಾಡಿಬಡಿತ ಎಣಿಸುವುದನ್ನು ಇಟ್ಟೆ. ಕುಳಿತಾಗ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು. ಒಂದು ನಿಮಿಷ ಹಗ್ಗ ಜಿಗಿದು ಕೂಡಲೇ ಎಣಿಸುವುದು. ಎರಡು ನಿಮಿಷ ಬಿಟ್ಟು ಮತ್ತೆ ಎಣಿಸುವುದು. ಮೂರು ಅಂಕಿಗಳಿಂದ ನಕ್ಷೆ. ಇಲ್ಲಿ ನೋಡಬೇಕಾದ್ದು ಬಡಿತ ಎಷ್ಟು ಏರಿತು ಎನ್ನುವುದಕ್ಕಿಂತ ಎಷ್ಟು ಬೇಗ ಇಳಿಯಿತು ಎನ್ನುವುದನ್ನು. ಹುಷಾರಿಲ್ಲದ, ಉಬ್ಬಸವಿರುವ ಮಕ್ಕಳನ್ನು ಮೊದಲೇ ಕೇಳಿ ತಿಳಿದು, ಅವರಿಗೆ ಸಮಯ ನೋಡುವ ಕೆಲಸ ಕೊಡಬೇಕು.

ತರಗತಿಯಲ್ಲಿ ಎದ್ದ ಪ್ರಶ್ನೆ

ಸೈಕಲ್ಲಿನ ಮಾತು ಬಂದಾಗ ಯಾರ್ಯಾರಿಗೆ ಸೈಕಲ್ ಬರುತ್ತದೆ ಎಂದು ಕೇಳಿದೆ. ಹುಡುಗರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದರು. ಹುಡುಗಿಯರಲ್ಲಿ ಅರ್ಧದಷ್ಟು ಕೈಗಳೂ ಮೇಲೇಳಲಿಲ್ಲ. ಕಾರಣ ಕೇಳಿದರೆ ಬೇರೆಬೇರೆ ಉತ್ತರ. "ಹೊಸೂರು ರೋಡಲ್ಲಿ ಹೆಂಗೆ ಮಿಸ್ ಕಲಿಯೋದು?" "ಅಣ್ಣನ ಸೈಕಲ್ ಇದೆ, ನಂಗೆ ಕೊಡಲ್ಲ." "ಆರನೇ ಕ್ಲಾಸ್ ತನಕ ಓಡಿಸ್ತಿದ್ದೆ, ದೊಡ್ಡೋಳಾದ ಮೇಲೆ ಅಮ್ಮ ಬೇಡ ಅಂದ್ರು."

ಈ ಮೂರನೆಯ ಉತ್ತರವನ್ನು ನಾವು ಶಿಕ್ಷಕರಾಗುವವರು ಗಂಭೀರವಾಗಿ ತೆಗೆದುಕೊಳ್ಳಬೇಕು. ಸಹಿಷ್ಣುತೆಯ ಎಂಜಿನ್ ಕಟ್ಟಿಕೊಳ್ಳುವ ವಯಸ್ಸು ಇದೇ. ಹೆಣ್ಣುಮಕ್ಕಳ ಓಡಾಟ ನಿಲ್ಲುವುದೂ ಇದೇ ವಯಸ್ಸಿನಲ್ಲಿ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಆರಂಭಿಸಿದಾಗ ಉದ್ದೇಶ ಕ್ರೀಡೆಯಾಗಿರಲಿಲ್ಲ; ದೂರದ ಪ್ರೌಢಶಾಲೆಗೆ ಹೋಗಲಾಗದೆ ಮಕ್ಕಳು ಓದು ಬಿಡಬಾರದು ಎಂಬುದಾಗಿತ್ತು. ಆ ಸೈಕಲ್ ಪಡೆದ ಹುಡುಗಿಯರಲ್ಲಿ ನಾನೂ ಒಬ್ಬಳು. ದಿನಾ ತುಳಿದ ದಾರಿ ಕಾಲಿಗೂ ಎದೆಗೂ ಏನು ಕೊಟ್ಟಿತ್ತು ಎಂಬುದನ್ನು ಯಾವ ಪಾಠದಲ್ಲೂ ನಮಗೆ ಹೇಳಿರಲಿಲ್ಲ.

ಸಾಧಕಿಯೊಬ್ಬಳ ಹಿಂದೆ ಇಂಥ ಮೆಟ್ಟಿಲುಗಳಿರುತ್ತವೆ. ವಿಜಯಪುರ, ಬಾಗಲಕೋಟೆ ಸೀಮೆಯಿಂದ ದಶಕಗಳಿಂದ ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧಿಗಳು ಬರುತ್ತಿದ್ದಾರೆ, ಹುಡುಗಿಯರೂ ಸೇರಿದಂತೆ. ಅಲ್ಲಿನ ಗಾಳಿಯಲ್ಲಿ ವಿಶೇಷವೇನೂ ಇಲ್ಲ. ಅಲ್ಲಿ ಸೈಕಲ್ ಕ್ರೀಡೆಗೆ ಮೀಸಲಾದ ಕ್ರೀಡಾನಿಲಯವಿದೆ, ತರಬೇತುದಾರರಿದ್ದಾರೆ, ಹಿಂದೆ ಗೆದ್ದ ಅಕ್ಕಂದಿರಿದ್ದಾರೆ. ಹಿಮದ ಆಟಕ್ಕೂ ಕರ್ನಾಟಕದ ಮಕ್ಕಳಿಗೆ ಬಾಗಿಲುಗಳಿವೆ. ಎನ್‌ಸಿಸಿ ಶಿಬಿರಗಳು, ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರ ಹೆಸರಿನಲ್ಲಿರುವ ನಮ್ಮ ರಾಜ್ಯದ ಸಾಹಸ ಅಕಾಡೆಮಿ, ಡಾರ್ಜಿಲಿಂಗ್ ಮತ್ತು ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಗಳು, ಗುಲ್ಮಾರ್ಗ್‌ನ ಸ್ಕೀಯಿಂಗ್ ಸಂಸ್ಥೆ. ಇವುಗಳ ಹೆಸರು ಮಡಿವಾಳದ ಒಂಬತ್ತನೇ ತರಗತಿಯ ಹುಡುಗಿಗೆ ಯಾರಿಂದ ತಿಳಿಯಬೇಕು? ಅವಳ ಮನೆಯಲ್ಲಿ ಹೇಳುವವರಿಲ್ಲದಿದ್ದರೆ ಉಳಿಯುವುದು ಶಾಲೆ ಒಂದೇ.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ಒಂದೇ ಅವಧಿಯಲ್ಲಿ ಎಲ್ಲವನ್ನೂ ತುರುಕಬೇಡಿ. ಮೇಲಿನ ಮೂರು ಭಾಗಗಳು ಮೂರು ತರಗತಿಗಳಿಗೆ ಸೇರಿದವು. ಒಂದು ಘಟಕಕ್ಕೆ ಕ್ರೀಡಾಪಟುವಿನ ಬದುಕಿನ ಒಂದೇ ತುಣುಕು ಸಾಕು. 40 ನಿಮಿಷದ ಅವಧಿಯಲ್ಲಿ ಹತ್ತು ನಿಮಿಷ ಮೀರಬಾರದು.

2. ಪಾಠಯೋಜನೆಯ 'ಪ್ರೇರಣೆ' ಹಂತದಲ್ಲಿ ಕಥೆ ಹೇಳಿ ಮುಗಿಸಿಬಿಡುವುದು ನಮ್ಮಲ್ಲಿ ರೂಢಿ. ಕಥೆಯನ್ನು ಅಲ್ಲಿ ಅರ್ಧಕ್ಕೆ ನಿಲ್ಲಿಸಿ, ಪ್ರಶ್ನೆಯೊಂದನ್ನು ಉಳಿಸಿಕೊಂಡು, 'ಅನ್ವಯ' ಹಂತದಲ್ಲಿ ಲೆಕ್ಕವಾಗಿ ಮತ್ತೆ ತನ್ನಿ.

3. ಅಂಕಿಗಳನ್ನು ಮೊದಲೇ ಪರೀಕ್ಷಿಸಿ. ವಾಟ್ಸಾಪ್‌ನಲ್ಲಿ ಬಂದ ಸ್ಫೂರ್ತಿಕಥೆಗಳನ್ನು ತರಗತಿಗೆ ಒಯ್ಯಬೇಡಿ.

4. ಸ್ಕೀ, ಹಿಮ ಇವು ಮಕ್ಕಳ ಅನುಭವದಲ್ಲಿಲ್ಲ. ಎಣ್ಣೆ ಚೆಲ್ಲಿದ ನೆಲ, ಸೋಪುನೀರಿನ ಅಂಗಳ, ಮಳೆಗಾಲದ ಪಾಚಿಗಟ್ಟಿದ ಮೆಟ್ಟಿಲು ಇವುಗಳಿಂದ ಶುರುಮಾಡಿ.

5. ಮೌಲ್ಯಮಾಪನಕ್ಕೆ 'ಭವಾನಿ ಯಾವ ಜಿಲ್ಲೆಯವರು?' ಎಂಬ ಬಗೆಯ ಪ್ರಶ್ನೆ ಬೇಡ. 'ಸ್ಕೀಯ ನಡುಭಾಗ ಬಾಗಿರದೆ ಚಪ್ಪಟೆಯಾಗಿದ್ದರೆ ಏನಾಗುತ್ತಿತ್ತು?' ಎಂದು ಕೇಳಿ.

6. ದೈಹಿಕ ಶಿಕ್ಷಣ ಶಿಕ್ಷಕರ ಜೊತೆ ಮಾತನಾಡಿ. ಆಟದ ಅವಧಿಯನ್ನು ಪಠ್ಯ ಮುಗಿಸಲು ಕೇಳಿ ಪಡೆಯುವವರು ಬಹಳಷ್ಟು ಸಲ ನಾವೇ, ವಿಜ್ಞಾನ ಮತ್ತು ಗಣಿತದವರು. ನಾಡಿಬಡಿತದ ಚಟುವಟಿಕೆಯನ್ನು ಅವರ ಅವಧಿಯಲ್ಲಿ, ಮೈದಾನದಲ್ಲಿ, ಇಬ್ಬರೂ ಸೇರಿ ಮಾಡಿದರೆ ಆ ಅವಧಿಯೂ ಉಳಿಯುತ್ತದೆ, ನಮ್ಮ ಪಾಠವೂ ಆಗುತ್ತದೆ.

ಈ ಘಟಕಗಳು ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕರೊಂದಿಗೆ ಮಾತನಾಡಿ ಶನಿವಾರದ ಬೆಳಗಿನ ತರಗತಿಗಳ ನಂತರ ಶಾಲೆಯ ಆವರಣದಲ್ಲಿ ಅರ್ಧ ಗಂಟೆ ಸೈಕಲ್ ಕಲಿಕೆಗೆ ಅನುಮತಿ ಪಡೆದೆವು. ಇದ್ದದ್ದು ಎರಡು ಸೈಕಲ್, ಅದರಲ್ಲೊಂದಕ್ಕೆ ಬ್ರೇಕು ಸಡಿಲ. ಅದನ್ನು ಮೊದಲು ರಿಪೇರಿಗೆ ಕೊಟ್ಟೆವು. ಕಲಿಸುವವರು ಸೈಕಲ್ ಬರುವ ಹುಡುಗಿಯರೇ. ಮೊದಲ ಶನಿವಾರ ನಾಲ್ವರು ಬಂದರು, ಮೂರನೆಯ ಶನಿವಾರ ಸರದಿಗಾಗಿ ಸಾಲು ನಿಂತಿತ್ತು. ಅವರಲ್ಲಿ ಯಾರೂ ಹಿಮ ಮುಟ್ಟದೇ ಇರಬಹುದು. ಅಮ್ಮ ಬೇಡ ಅಂದಿದ್ದ ಹುಡುಗಿ ಅಮ್ಮನನ್ನೇ ಕರೆದುಕೊಂಡು ಬಂದಿದ್ದಳು. ಅಮ್ಮ ಗೇಟಿನ ಬಳಿ ನಿಂತು, "ನಿಧಾನ, ಮುಂದೆ ನೋಡು" ಎನ್ನುತ್ತಿದ್ದರು.